ಟಿಪಿಎನ್ ಕೊಟ್ಟರೆ ಕರುಳು ಸವೆಯುತ್ತದಾ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪನಿಗೆ ಕರುಳಿನ ಆಪರೇಷನ್ ಆಗಿ 12 ದಿನ ಆಯಿತು. ಬಾಯಿಗೆ ಏನೂ ಕೊಟ್ಟಿಲ್ಲ. ಕುತ್ತಿಗೆ ಹತ್ತಿರದ ದೊಡ್ಡ ರಕ್ತನಾಳಕ್ಕೆ ಲೈನ್ ಹಾಕಿ, ಹಾಲಿನಂತೆ ಬೆಳ್ಳಗಿರುವ ಚೀಲದಿಂದ ಆಹಾರ ಹೋಗುತ್ತಿದೆ, ಟಿಪಿಎನ್ ಅಂತಾರೆ. ನಿನ್ನೆಯಿಂದ ಮೂಗಿನ ಟ್ಯೂಬಿನಲ್ಲೂ ಗಂಟೆಗೆ 20 ಮಿಲಿ ಬಿಡುತ್ತಿದ್ದಾರೆ. ಅಷ್ಟರಲ್ಲಿ ಯಾರ ಹೊಟ್ಟೆ ತುಂಬುತ್ತೆ? ಕೇಳಿದರೆ "ಅದು ಕರುಳಿಗೆ" ಅಂದು ಹೋಗಿಬಿಟ್ಟರು. ನೆಟ್‌ನಲ್ಲಿ ನೋಡಿದರೆ ಟಿಪಿಎನ್‌ನಿಂದ ಕರುಳು ಸವೆದು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ ಅಂತಿದೆ. ರಾತ್ರಿಯೆಲ್ಲ ನಿದ್ದೆ ಇಲ್ಲ.

ಉತ್ತರ: ಅವರು ಹೇಳಿದ್ದು ಸರಿ, ಬಿಡಿಸಿ ಹೇಳಲಿಲ್ಲ ಅಷ್ಟೆ. ಆ 20 ಮಿಲಿ ಅಪ್ಪನಿಗಲ್ಲ, ಕರುಳಿಗೇ ಊಟ.

ಸಣ್ಣ ಕರುಳಿನ ಒಳಗೆ ಟವಲ್ಲಿನ ಎಳೆಗಳ ಹಾಗೆ ಪುಟ್ಟ ಪುಟ್ಟ ಬೆರಳುಗಳಿವೆ, ವಿಲ್ಲೈ ಅಂತೀವಿ. ಅದರ ಮೇಲಿನ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಉದುರಿ, ಬುಡದಿಂದ ಹೊಸದು ಬರುತ್ತಲೇ ಇರುತ್ತವೆ. ಇಷ್ಟು ಓಡಾಟಕ್ಕೆ ಇಂಧನ ಬೇಕಲ್ವಾ? ರಕ್ತದಿಂದ ಸ್ವಲ್ಪ ಸಿಗುತ್ತದೆ, ಆದರೆ ಪಕ್ಕದಲ್ಲೇ ಹಾದುಹೋಗುವ ಆಹಾರದಿಂದ ಅವು ನೇರವಾಗಿ ತೆಗೆದುಕೊಳ್ಳುವುದೂ ಬಹಳ. ಜೊತೆಗೆ ಆಹಾರ ತಾಗಿದಾಗ ಕರುಳೇ ಜಿಎಲ್‌ಪಿ-2 ಅನ್ನೋ ಹಾರ್ಮೋನ್ ಬಿಡುತ್ತದೆ, "ಬೆಳೆಯಿರಿ" ಅಂತ ಒಳಪದರಕ್ಕೆ ಹೇಳುವುದು ಅದು. ಟಿಪಿಎನ್‌ನಲ್ಲಿ ದೇಹಕ್ಕೆ ಕ್ಯಾಲೊರಿ, ಪ್ರೋಟೀನ್ ಎಲ್ಲಾ ಸಿಕ್ಕರೂ ಕರುಳಿನ ಒಳಗೆ ಏನೂ ಹಾಯುವುದಿಲ್ಲ, ಆ ಮಾತು ಹೇಳುವವರಿಲ್ಲ. ಹಾಗಾಗಿ ವಿಲ್ಲೈ ಗಿಡ್ಡವಾಗುತ್ತವೆ, ಒಳಪದರವನ್ನು ಕಾಯುವ ಐಜಿಎ ಅನ್ನೋ ಪ್ರೋಟೀನೂ ಕಡಿಮೆಯಾಗಬಹುದು.

ಈಗ ನಿಮ್ಮ ಭಯದ ವಿಷಯ. ನೆಟ್‌ನಲ್ಲಿರುವ ಹೆದರಿಕೆಯ ಚಿತ್ರ ಬಹುಪಾಲು ಇಲಿಗಳದ್ದು. ಇಲಿಗೆ ಕೆಲವೇ ದಿನ ಟಿಪಿಎನ್ ಕೊಟ್ಟರೂ ಕರುಳು ಎದ್ದು ಕಾಣುವಷ್ಟು ತೆಳುವಾಗುತ್ತದೆ. ಮನುಷ್ಯರಲ್ಲಿ ಅದು ನಿಧಾನ, ಪ್ರಮಾಣವೂ ಕಡಿಮೆ, ಆಹಾರ ಶುರುವಾದ ಮೇಲೆ ಮತ್ತೆ ಬೆಳೆಯುತ್ತದೆ. ಬ್ಯಾಕ್ಟೀರಿಯಾ ಸೋರುವುದೂ ಪ್ರಾಣಿಗಳಲ್ಲಿ ಚೆನ್ನಾಗಿ ಕಂಡದ್ದು, ಮನುಷ್ಯರಲ್ಲಿ ಅಷ್ಟು ಸ್ಪಷ್ಟ ಇಲ್ಲ. ಟಿಪಿಎನ್ ಇರುವವರಿಗೆ ಜ್ವರ ಬಂದರೆ ನಾನು ಮೊದಲು ಅನುಮಾನಿಸುವುದು ಕುತ್ತಿಗೆಯ ಲೈನನ್ನು, ಕರುಳನ್ನಲ್ಲ. ಹಾಗಂತ ಟಿಪಿಎನ್ ಕೆಟ್ಟದ್ದು ಅಂದುಕೊಳ್ಳಬೇಡಿ, ಕರುಳು ಕೆಲಸ ಮಾಡದ ದಿನಗಳಲ್ಲಿ ಅದೇ ಜೀವ ಉಳಿಸುವುದು.

ಇನ್ನೊಬ್ಬರು: ಮೇಡಂ, ಗ್ಲುಟಮೈನ್ ಪುಡಿ ಕರುಳಿಗೆ ಒಳ್ಳೆಯದಂತೆ. ನಾವೇ ತಂದುಕೊಡಬಹುದಾ?

ಉತ್ತರ: ಬೇಡ. ಗ್ಲುಟಮೈನ್ ಆ ಜೀವಕೋಶಗಳ ಮುಖ್ಯ ಇಂಧನ ಅನ್ನೋದು ನಿಜ, ಅದಕ್ಕೇ ಎಲ್ಲರಿಗೂ ಆಸೆ. ಆದರೆ 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಐಸಿಯುನಲ್ಲಿದ್ದ, ಒಂದಕ್ಕಿಂತ ಹೆಚ್ಚು ಅಂಗ ಸೋತಿದ್ದ ರೋಗಿಗಳಿಗೆ ಜಾಸ್ತಿ ಗ್ಲುಟಮೈನ್ ಕೊಟ್ಟಾಗ ಸಾವು ಕಡಿಮೆಯಾಗುವ ಬದಲು ಹೆಚ್ಚಾಯಿತು. ನೋಡಿಕೊಳ್ಳುತ್ತಿರುವ ಡಾಕ್ಟರನ್ನು ಕೇಳದೆ ಸುಮ್ನೆ ಏನನ್ನೂ ಸೇರಿಸಬೇಡಿ.

ಪ್ರಶ್ನೆ ಕೇಳಿದವರು: ಬೆಳಗ್ಗೆಯಿಂದ ಮೂರು ಸಲ ಲೂಸ್ ಮೋಷನ್ ಆಗಿದೆ. ಟ್ಯೂಬ್ ನಿಲ್ಲಿಸಿ ಅಂತ ಹೇಳಲಾ?

ಉತ್ತರ: ನಿಲ್ಲಿಸಿ ಅನ್ನಬೇಡಿ, ಆಗಿದೆ ಅಂತ ಹೇಳಿ. ವಿಲ್ಲೈ ಗಿಡ್ಡವಾದಾಗ ಸಕ್ಕರೆ ಒಡೆಯುವ ಕಿಣ್ವಗಳೂ ಕಡಿಮೆ ಇರುತ್ತವೆ, ಹಾಗಾಗಿ ಮೊದಮೊದಲು ಹೀಗಾಗಬಹುದು. ಆ್ಯಂಟಿಬಯೋಟಿಕ್‌ನಿಂದಲೂ ಇರಬಹುದು, ಕರುಳಿನ ಸೋಂಕೂ ಇರಬಹುದು, ಅವರು ನೋಡುತ್ತಾರೆ. ಹೊಟ್ಟೆ ಉಬ್ಬಿ ಬಿಗಿಯಾದರೆ, ನೋವು ಹೆಚ್ಚಾದರೆ, ವಾಂತಿಯಾದರೆ ಮಾತ್ರ ಕಾಯಬೇಡಿ, ಆಗಲೇ ನರ್ಸ್‌ಗೆ ತಿಳಿಸಿ.

ಪ್ರಶ್ನೆ ಕೇಳಿದವರು: ಹೇಳಿದೆ ಮೇಡಂ. ಹೊಟ್ಟೆ ಮೆತ್ತಗೇ ಇದೆಯಂತೆ. ಇವತ್ತು 20 ಮಿಲಿಯಲ್ಲೇ ಇಟ್ಟು, ನಾಳೆ 30 ಮಾಡುತ್ತಾರಂತೆ.