ಸಹಾಯ ಬೇಕು: ಮಗು ಇನ್ನೂ ತಿರುಗಿಲ್ಲ, ಮಾಕ್ಸಾ ಮಾಡಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಸಿಂಗಪುರದಲ್ಲಿ. ಚೊಚ್ಚಲ ಬಸಿರು, ಈಗ 33 ವಾರ. ಸ್ಕ್ಯಾನ್‌ನಲ್ಲಿ ಮಗುವಿನ ತಲೆ ಇನ್ನೂ ಮೇಲೇ ಇದೆ. ಮೊಣಕಾಲೂರಿ, ಎದೆ ಕೆಳಗೆ ಮಾಡಿ ಬಗ್ಗುವ ವ್ಯಾಯಾಮ ದಿನಾ ಮಾಡುತ್ತಿದ್ದೇನೆ. ಏನೂ ಪ್ರಯೋಜನ ಆಗಿಲ್ಲ.

ಇಲ್ಲಿನ ಚೀನೀ ವೈದ್ಯೆಯೊಬ್ಬರು ಮಾಕ್ಸಾ ಮಾಡಿಸಿ ಅಂದರು. ನಮ್ಮ ಮಾಚಿಪತ್ರೆ ಜಾತಿಯ ಸೊಪ್ಪನ್ನು ಒಣಗಿಸಿ, ದಪ್ಪ ಊದುಬತ್ತಿಯ ಹಾಗೆ ಸುತ್ತಿದ ಕಡ್ಡಿ ಅದು. ಹೊತ್ತಿಸಿ, ಕಾಲಿನ ಕಿರುಬೆರಳ ಉಗುರಿನ ಹೊರಮೂಲೆಗೆ ತಾಗದ ಹಾಗೆ ಹಿಡಿದು ಶಾಖ ಕೊಡುತ್ತಾರೆ. ಚೀನೀ ವೈದ್ಯಪದ್ಧತಿಯಲ್ಲಿ ಆ ಜಾಗದ ಹೆಸರು ಝೀಯಿನ್. ಈಗಲೇ ಶುರು ಮಾಡಬೇಕು, ತಡವಾದರೆ ಮಗುವಿಗೆ ತಿರುಗಲು ಜಾಗ ಸಾಲದು ಅಂತಾರೆ. ಕುಡಿಯುವ ಔಷಧಿಯನ್ನೂ ಕೊಡಲು ಬಂದರು, ಅದನ್ನು ಮಾತ್ರ ಬೇಡವೇ ಬೇಡ ಅಂದೆ.

ಹೆರಿಗೆ ಡಾಕ್ಟರು, ಸುಮ್ನೆ ಕಾಯಿರಿ, 37ನೇ ವಾರದಲ್ಲಿ ಹೊಟ್ಟೆಯ ಮೇಲಿಂದ ಕೈಯಲ್ಲೇ ತಿರುಗಿಸಲು ನೋಡೋಣ ಅಂದರು. ಮಾಕ್ಸಾಗೆ ಹೂಂ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಊರಲ್ಲಿರುವ ಅಮ್ಮನಿಗೆ ಹೊಗೆಯದೇ ಭಯ. ಕಾಯುತ್ತಾ ಕೂತರೆ ಸಮಯ ಮೀರುತ್ತೆ, ಅಲ್ವಾ?

ಬಸಿರಿನಲ್ಲಿ ಮಾಕ್ಸಾ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಹೊಗೆಯಿಂದ ತೊಂದರೆ ಆಯಿತಾ? ಶುರು ಮಾಡುವ ಮೊದಲು ಡಾಕ್ಟರ ಹತ್ತಿರ ಏನೇನು ಕೇಳಿಕೊಂಡಿರಿ?