ವೆಬ್‌ಸೈಟ್‌ನಲ್ಲಿದ್ದ ಒಂದು ಫೋಟೋಗೆ 42 ಸಾವಿರ ಕೇಳಿದ್ದಾರೆ, ಏನಂತ ಉತ್ತರ ಬರೆಯಬೇಕು?

ರೊಟ್ಟಿ ಮಾರುವವರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾವು ಓಣಿಯ ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಮಾಡಿ ಮಾರುತ್ತೇವೆ. ಪುಣೆ, ಹೈದರಾಬಾದ್, ಬೆಂಗಳೂರಿಗೂ ಪಾರ್ಸಲ್ ಹೋಗುತ್ತದೆ. ಆರ್ಡರ್ ತಗೊಳ್ಳೋಕೆ ಅಂತ ಒಂದು ವೆಬ್‌ಸೈಟ್ ಮಾಡಿಸಿದ್ದೆವು. ಫೋಟೋ ಎಲ್ಲ ಸೈಟ್ ಮಾಡಿಕೊಟ್ಟ ಹುಡುಗನೇ ಹಾಕಿದ್ದ. ಅದರಲ್ಲಿ ಒಂದರ ಮೇಲೆ ಈಗ ತಕರಾರು ಬಂದಿದೆ. ಸ್ಟೀಲ್ ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಬದಿಗೆ ಪುಂಡಿ ಪಲ್ಯ, ಒಡೆದ ಉಳ್ಳಾಗಡ್ಡಿ, ಅಷ್ಟೇ ಫೋಟೋ.

ಹೊರದೇಶದ ಒಂದು ಏಜೆನ್ಸಿಯಿಂದ ಇಂಗ್ಲಿಷ್‌ನಲ್ಲಿ ಇ-ಮೇಲ್ ಬಂದಿದೆ. ನಮ್ಮ ಪೇಜಿನ ಸ್ಕ್ರೀನ್‌ಶಾಟ್ ಇಟ್ಟಿದ್ದಾರೆ, ಪಕ್ಕದಲ್ಲೇ ಅವರ ಫೋಟೋ. ಲೈಸೆನ್ಸ್ ಇದ್ದರೆ ತೋರಿಸಿ, ಇಲ್ಲಾಂದರೆ 14 ದಿನದಲ್ಲಿ 42 ಸಾವಿರ ರೂಪಾಯಿ ಕಟ್ಟಿ, ಫೋಟೋ ತೆಗೆದರೂ ಹಣ ಕೊಡಲೇಬೇಕು, ಕೊಡದಿದ್ದರೆ ವಕೀಲರಿಗೆ ಒಪ್ಪಿಸುತ್ತೇವೆ ಅಂತ ಬರೆದಿದ್ದಾರೆ.

ಹುಡುಗನಿಗೆ ಫೋನ್ ಮಾಡಿದರೆ "ಗೂಗಲ್‌ನಲ್ಲಿ ಸಿಕ್ಕಿದ್ದು ಅಕ್ಕ, ಎಲ್ಲರೂ ಹಾಕ್ತಾರೆ, ಡಿಲೀಟ್ ಮಾಡಿ ಸುಮ್ನಿರಿ" ಅಂದ. ನಮ್ಮ ಯಜಮಾನರ ಗೆಳೆಯರೊಬ್ಬರು ಇದು ಪೂರಾ ಮೋಸ ಅಂದರು. ಇನ್ನೊಬ್ಬರು ಜೈಲು ಅಂತ ಹೆದರಿಸಿದರು. ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆಯೋ ಆ ಇಬ್ಬರು ನಿದ್ದೆ ಬಿಟ್ಟಿದ್ದಾರೆ. ಒಂದು ತಾಟಿನ ಫೋಟೋಗೆ ಇಷ್ಟು ದುಡ್ಡು ಕೊಡುವಷ್ಟು ಲಾಭ ನಮಗೆ ಇಲ್ಲ. ಇದು ನಿಜವಾ ಸುಳ್ಳಾ? ತೆಗೆದುಬಿಟ್ಟರೆ ಮುಗಿಯುತ್ತಾ? ಉತ್ತರ ಬರೆಯಬೇಕಾ? ತಿಳಿದವರು ದಯವಿಟ್ಟು ಹೇಳಿ.


ವೆಬ್ ಕೆಲಸ, ಯಾದಗಿರಿ

ಅಕ್ಕಾರೆ, ಮೊದಲು ನಿಜಾನೋ ಸುಳ್ಳೋ ನೋಡಿಕೊಳ್ಳಿ. ಆ ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. "ಸಾಕ್ಷಿ ಇಲ್ಲಿದೆ, ಡೌನ್‌ಲೋಡ್ ಮಾಡಿ" ಅಂತ ಕಾಪಿರೈಟ್ ಹೆಸರಿನಲ್ಲಿ ವೈರಸ್ ಕಳಿಸುವವರೂ ಇದ್ದಾರೆ. ಏಜೆನ್ಸಿಯ ಹೆಸರನ್ನು ನೀವೇ ಹುಡುಕಿ ಅವರ ಸೈಟ್ ತೆರೆಯಿರಿ. ಮೇಲ್ ಬಂದ ವಿಳಾಸ ಅಲ್ಲಿನ ವಿಳಾಸಕ್ಕೆ ಹೊಂದುತ್ತಾ ನೋಡಿ. ಆಮೇಲೆ ನಿಮ್ಮ ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲೋ ಟಿನ್‌ಐನಲ್ಲೋ ಹಾಕಿ ಹುಡುಕಿ. ಮೊದಲು ಎಲ್ಲಿ ಬಂದಿದೆ, ಯಾರ ಹೆಸರಿದೆ, ಅಲ್ಲಿ ಎಷ್ಟಕ್ಕೆ ಮಾರುತ್ತಿದ್ದಾರೆ, ಬಹುತೇಕ ಗೊತ್ತಾಗುತ್ತದೆ. ಆ ಬೆಲೆ ಮುಂದೆ ಕೆಲಸಕ್ಕೆ ಬರುತ್ತದೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ತೆಗೆಯುವ ಮೊದಲು ನಿಮ್ಮ ಪೇಜಿನದ್ದೂ ಸ್ಕ್ರೀನ್‌ಶಾಟ್ ತಗೊಳ್ಳಿ, ತಾರೀಕು ಕಾಣುವ ಹಾಗೆ. ಹುಡುಗನ ಜೊತೆಗಿನ ವಾಟ್ಸಾಪ್ ಮಾತುಕತೆ, ಅವನಿಗೆ ಹಣ ಕೊಟ್ಟ ರಸೀದಿ, ಎಲ್ಲ ಒಂದು ಕಡೆ ಇಡಿ.

ತೆಗೆಯುವುದರಲ್ಲೂ ಒಂದು ಮಾತಿದೆ. ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸೈಟ್ ಆಗಿದ್ದರೆ ಪೇಜಿನಿಂದ ಫೋಟೋ ತೆಗೆದರೆ ಸಾಲದು. ಫೈಲು ಸರ್ವರ್‌ನ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೇ ಉಳಿಯುತ್ತದೆ, ಅದೂ ಒಂದೇ ಅಲ್ಲ, ಅದೇ ಫೋಟೋದ ಸಣ್ಣ ದೊಡ್ಡ ಸೈಜಿನ ಪ್ರತಿಗಳೂ ಇರುತ್ತವೆ. ಫೋಟೋದ ನೇರ ಲಿಂಕ್ ಹಾಕಿದರೆ ಇನ್ನೂ ತೆರೆಯುತ್ತದೆ. ಹುಡುಕುವವರು ಆ ನೇರ ಲಿಂಕನ್ನೇ ಇಟ್ಟುಕೊಂಡಿರುತ್ತಾರೆ. ಮೀಡಿಯಾ ಲೈಬ್ರರಿಗೆ ಹೋಗಿ ಪೂರಾ ಅಳಿಸಿ. ಫೇಸ್‌ಬುಕ್ ಪೇಜ್, ವಾಟ್ಸಾಪ್ ಕ್ಯಾಟಲಾಗ್‌ನಲ್ಲೂ ಅದೇ ಫೋಟೋ ಇದ್ದರೆ ಅಲ್ಲಿಂದಲೂ ತೆಗೆಯಿರಿ. "ನಾವು ಹಾಕೇ ಇರಲಿಲ್ಲ" ಅಂತ ಮಾತ್ರ ಬರೆಯಬೇಡಿ. ಹಳೇ ಪೇಜುಗಳು ವೇಬ್ಯಾಕ್ ಮೆಷಿನ್ ಅನ್ನೋ ಸೈಟಿನಲ್ಲಿ ಸಿಗುತ್ತವೆ.


ಕಿರಾಣಿ ವ್ಯಾಪಾರಿ, ಸೇಡಂ

ಇಷ್ಟೆಲ್ಲ ಯಾಕ್ರೀ? 42 ಸಾವಿರಕ್ಕೆ ಹೊರದೇಶದವರು ವಿಮಾನ ಹತ್ತಿ ಕಲಬುರಗಿ ಕೋರ್ಟಿಗೆ ಬರುತ್ತಾರಾ? ಫೋಟೋ ತೆಗೆದು ಹಾಕಿ, ಮೇಲ್ ನೋಡೇ ಇಲ್ಲ ಅನ್ನೋ ಹಾಗೆ ಇದ್ದುಬಿಡಿ. ನನಗೆ ಗೊತ್ತಿರುವ ಒಬ್ಬರಿಗೆ ನಾಲ್ಕೈದು ಮೇಲ್ ಬಂದು ತಾನಾಗೇ ನಿಂತಿತು.


ಫೋಟೋಗ್ರಾಫರ್, ಬೀದರ್

ಮೇಲಿನ ಅಣ್ಣನ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಾನು ಇದೇ ಕೆಲಸದಿಂದ ಮನೆ ನಡೆಸುವವನು, ಆ ಕಡೆಯ ಮಾತೂ ಒಂದಿಷ್ಟು ಕೇಳಿ.

ಬಿದ್ರಿ ಕೆಲಸಗಾರರೊಬ್ಬರು ಹೂಜಿಯ ಮೇಲೆ ಉಳಿಯಿಂದ ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುತ್ತಿರುವ ಫೋಟೋ ನನ್ನದು. ಅವರ ಪಕ್ಕ ಕೂತು, ಬೆಳಕು ತಂತಿಯ ಮೇಲೆ ಬೀಳುವವರೆಗೂ ಕಾದು ತೆಗೆದದ್ದು. ಅದು ಈಗ ಒಂದು ಲಾಡ್ಜಿನ ಸೈಟಿನಲ್ಲಿದೆ, ಒಂದು ಟ್ರಾವೆಲ್ಸ್ ಬ್ಯಾನರಿನಲ್ಲಿದೆ. ಕೆಳಗೆ "ಕೃಪೆ: ಗೂಗಲ್" ಅಂತ ಬರೆದಿದ್ದಾರೆ. ಗೂಗಲ್ ಯಾವತ್ತು ಬೀದರಿಗೆ ಬಂದು ಫೋಟೋ ತೆಗೆಯಿತು? ಅದು ಹುಡುಕಿಕೊಡುತ್ತದೆ, ಅಷ್ಟೇ. ಹಕ್ಕು ತೆಗೆದವರದ್ದು. ಮಹಮೂದ್ ಗವಾನ್ ಮದರಸಾ ಕಟ್ಟಿದ್ದು 1472ರಲ್ಲಿ, ಅದರ ಮೇಲೆ ಈಗ ಯಾರ ಕಾಪಿರೈಟೂ ಇಲ್ಲ, ಆದರೆ ಮೊನ್ನೆ ನಾನು ಅದರ ಫೋಟೋ ತೆಗೆದರೆ ಆ ಫೋಟೋ ನನ್ನದೇ. ರೊಟ್ಟಿ ಯಾರ ಸ್ವತ್ತೂ ಅಲ್ಲ, ರೊಟ್ಟಿಯ ಆ ಫೋಟೋ ಮಾತ್ರ ಯಾರದೋ ದುಡಿಮೆ.

ಹಾಗಂತ ಕೇಳಿದಷ್ಟು ಕೊಡಿ ಅಂತ ನಾನು ಹೇಳುವುದಿಲ್ಲ. ಅಂಥ ಫೋಟೋದ ಮಾಮೂಲಿ ಲೈಸೆನ್ಸ್‌ಗೆ ಎಷ್ಟೋ ಪಟ್ಟು ಜಾಸ್ತಿ ಕೇಳುವ ಏಜೆನ್ಸಿಗಳಿವೆ, ಅದರಲ್ಲಿ ದೊಡ್ಡ ಪಾಲು ಅವರೇ ಇಟ್ಟುಕೊಳ್ಳುತ್ತಾರೆ. ಅದು ನನಗೂ ಸರಿ ಕಾಣುವುದಿಲ್ಲ.

ಇನ್ನೊಂದು ನೋಡಿ. ಆ ಫೋಟೋ ವಿಕಿಮೀಡಿಯಾ ಕಾಮನ್ಸ್‌ನಿಂದ, ಅಂದರೆ ವಿಕಿಪೀಡಿಯಾದವರ ಉಚಿತ ಫೋಟೋ ಸಂಗ್ರಹದಿಂದ ಬಂದದ್ದಾಗಿರಬಹುದು. ಅಲ್ಲಿನ ಬಹಳಷ್ಟು ಫೋಟೋ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿರುತ್ತವೆ. ಬಳಸಬಹುದು, ಹಣ ಬೇಡ, ಆದರೆ ತೆಗೆದವರ ಹೆಸರು ಮತ್ತು ಲೈಸೆನ್ಸಿನ ಲಿಂಕ್ ಹಾಕಲೇಬೇಕು. ಹೆಸರು ಹಾಕಿಲ್ಲ ಅಂತಲೇ ಹಣ ಕೇಳುವವರಿದ್ದಾರೆ. ಅದು 4.0 ಆವೃತ್ತಿಯ ಲೈಸೆನ್ಸ್ ಆಗಿದ್ದರೆ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಬಳಸುವ ಹಕ್ಕು ತಾನಾಗೇ ವಾಪಸ್ ಬರುತ್ತದೆ. ಹಿಂದಿನ ಬಳಕೆಗೆ ಕೇಳುವ ಹಕ್ಕು ಅವರಿಗೆ ಉಳಿದರೂ, ಮಾತುಕತೆಯಲ್ಲಿ ಇದು ನಿಮಗೆ ದೊಡ್ಡ ಬಲ. ಹಳೇ 2.0, 3.0ರಲ್ಲಿ ಈ ಸೌಲಭ್ಯ ಇಲ್ಲ. ಯಾವ ಆವೃತ್ತಿ ಅಂತ ನೋಡಿ.


ವಕೀಲ, ಕಲಬುರಗಿ

ಫೋಟೋಗ್ರಾಫರ್ ಹೇಳಿದ್ದು ಸರಿ. ಕಾನೂನು ಎಷ್ಟು ಬೇಕೋ ಅಷ್ಟು ಹೇಳುತ್ತೇನೆ.

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಫೋಟೋ ಕೂಡ ಕಲಾಕೃತಿ. ತೆಗೆದ ಕ್ಷಣದಿಂದ ಹಕ್ಕು ಇರುತ್ತದೆ, ನೋಂದಣಿ ಮಾಡಿಸಿರಲೇಬೇಕು ಅಂತಿಲ್ಲ, ಮೇಲೆ ವಾಟರ್‌ಮಾರ್ಕ್ ಇರಬೇಕು ಅಂತಲೂ ಇಲ್ಲ. ಹೊರದೇಶದವರ ಫೋಟೋಗೂ ಕಾಪಿರೈಟ್ ಬಗ್ಗೆ ದೇಶಗಳ ನಡುವೆ ಇರುವ ಬರ್ನ್ ಒಪ್ಪಂದದ ಕಾರಣ ಇಲ್ಲಿ ರಕ್ಷಣೆ ಇದೆ. ವಿಮರ್ಶೆ, ಸುದ್ದಿ, ಸ್ವಂತ ಓದಿಗೆ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ವ್ಯಾಪಾರದ ಸೈಟಿಗೆ ಅದನ್ನು ನಂಬಬೇಡಿ.

ಈಗ ಹಣದ ವಿಷಯ. ಅಮೆರಿಕದ ಕಾನೂನಿನಲ್ಲಿ ನಷ್ಟ ಎಷ್ಟು ಅಂತ ತೋರಿಸದಿದ್ದರೂ ಒಂದು ಕೃತಿಗೆ 750ರಿಂದ 30,000 ಡಾಲರ್, ಬೇಕಂತಲೇ ಮಾಡಿದ್ದರೆ ಒಂದೂವರೆ ಲಕ್ಷ ಡಾಲರ್‌ವರೆಗೆ ಪರಿಹಾರ ಕೊಡಲು ಅವಕಾಶ ಇದೆ. ನಮ್ಮ ಕಾಯ್ದೆಯಲ್ಲಿ ಹಾಗೆ ಕಟ್ಟಿಟ್ಟ ಮೊತ್ತ ಇಲ್ಲ. 55ನೇ ಸೆಕ್ಷನ್ ಪ್ರಕಾರ ತಡೆಯಾಜ್ಞೆ, ನಷ್ಟ ಪರಿಹಾರ, ಲಾಭದ ಲೆಕ್ಕ ಕೇಳಬಹುದು, ಎಷ್ಟು ಅನ್ನುವುದನ್ನು ಕೋರ್ಟ್ ನೋಡುತ್ತದೆ. ಅಂದರೆ 42 ಸಾವಿರ ಅನ್ನುವುದು ಅವರ ಬೇಡಿಕೆ, ಯಾವ ಕೋರ್ಟಿನ ಆದೇಶವೂ ಅಲ್ಲ. ಫೋಟೋ ಮಾರುವ ಸೈಟಿನಲ್ಲಿ ಅದನ್ನು ಎಷ್ಟಕ್ಕೆ ಮಾರುತ್ತಾರೋ ಅದರ ಸುತ್ತಲೇ ಮಾತು ಶುರುವಾಗಬೇಕು. ಅದಕ್ಕೇ ಯಾದಗಿರಿಯವರು ಬೆಲೆಯ ಸ್ಕ್ರೀನ್‌ಶಾಟ್ ಇಡಿ ಅಂದದ್ದು.

ಜೈಲಿನ ಮಾತು 63ನೇ ಸೆಕ್ಷನ್‌ನದು. ಗೊತ್ತಿದ್ದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷ ಶಿಕ್ಷೆ, 50 ಸಾವಿರದಿಂದ 2 ಲಕ್ಷ ದಂಡ. ಇದು ಪೊಲೀಸರು ನೇರವಾಗಿ ಕೇಸ್ ದಾಖಲಿಸಬಹುದಾದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ "ಗೊತ್ತಿದ್ದೂ" ಅನ್ನುವುದೇ ಮುಖ್ಯ. ಡಿಸೈನರ್ ಹಾಕಿದ್ದನ್ನು ನೋಟಿಸ್ ಬಂದ ಕೂಡಲೇ ತೆಗೆದ ನಿಮಗೂ, ನೋಟಿಸ್ ಓದಿಯೂ ಹಾಗೇ ಬಿಟ್ಟವರಿಗೂ ಬಹಳ ಫರಕು ಇದೆ. ಸೇಡಂನವರು ಹೇಳಿದ ಹಾಗೆ ಬಹಳ ಪತ್ರಗಳು ಕೋರ್ಟಿನ ತನಕ ಬರುವುದಿಲ್ಲ, ನಿಜ. ಆದರೆ ದಾವೆ ಹಾಕಲು ಅವರಿಗೆ 3 ವರ್ಷ ಟೈಮ್ ಇರುತ್ತದೆ. ಅಷ್ಟು ದಿನ ಆ ಹೆದರಿಕೆ ಇಟ್ಟುಕೊಂಡು ರೊಟ್ಟಿ ಬಡಿಯುವುದಕ್ಕಿಂತ ಒಂದು ಪುಟದ ಉತ್ತರ ಒಳ್ಳೆಯದು.

ಉತ್ತರ ಚಿಕ್ಕದಾಗಿರಲಿ. ಕ್ಷಮೆ, ಕಷ್ಟದ ಕಥೆ, ಹುಡುಗನ ಮೇಲಿನ ಸಿಟ್ಟು ಯಾವುದೂ ಅದರಲ್ಲಿ ಬೇಡ. ನಿಮ್ಮ ಪತ್ರ ತಲುಪಿದೆ, ಹೊಣೆ ಒಪ್ಪಿಕೊಳ್ಳದೆ ಫೋಟೋವನ್ನು ಇಂಥ ತಾರೀಕು ತೆಗೆದಿದ್ದೇವೆ ಅಂತ ಶುರು ಮಾಡಿ. ಆಮೇಲೆ ಕೇಳಿ: ಫೋಟೋ ತೆಗೆದವರು ಯಾರು, ಮೂಲ ಫೈಲು ಎಲ್ಲಿ, ಮೊದಲು ಯಾವಾಗ ಪ್ರಕಟವಾಯಿತು, ಹಕ್ಕು ನಿಮಗೆ ಬರೆದುಕೊಟ್ಟ ಕಾಗದ ಅಥವಾ ಅವರ ಪರ ಹಣ ಕೇಳಲು ಕೊಟ್ಟ ಅಧಿಕಾರ ಪತ್ರ ಎಲ್ಲಿ, 42 ಸಾವಿರದ ಲೆಕ್ಕ ಹೇಗೆ. ನಮ್ಮ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಸಹಿ ಇರಬೇಕು. ಸರಿಯಾದ ಏಜೆನ್ಸಿ ಇವನ್ನು ಕೊಡುತ್ತದೆ. ಕೊಡದೆ ಬರೀ ಗಡುವು ಹೇಳುತ್ತಿದ್ದರೆ ಹಣ ಕಟ್ಟಬೇಡಿ. ಆಧಾರ ಇಲ್ಲದೆ ಬೆದರಿಸುವವರ ಮೇಲೆ ನೀವೇ ಕೋರ್ಟಿಗೆ ಹೋಗಲು 60ನೇ ಸೆಕ್ಷನ್ ಇದೆ, ಇಷ್ಟಕ್ಕೆ ಅದು ಬೇಕಾಗುವುದಿಲ್ಲ ಅಂದುಕೊಂಡಿದ್ದೇನೆ.

ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಸಹಾಯವಾಣಿ 15100.


ರೊಟ್ಟಿ ಮಾರುವವರು, ಕಲಬುರಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಜೆನ್ಸಿ ನಿಜವಾದದ್ದೇ. ಫೋಟೋ ವಿಕಿಮೀಡಿಯಾದ್ದಲ್ಲ, ಫೋಟೋ ಮಾರುವ ಒಂದು ಸ್ಟಾಕ್ ಸೈಟಿನಲ್ಲಿದೆ, ವೆಬ್ ಸೈಜಿಗೆ ಅಲ್ಲಿ ಎರಡು ಸಾವಿರದ ಒಳಗೇ ಬೆಲೆ ಇದೆ. ಲೈಬ್ರರಿಯಿಂದ ಅಳಿಸಿದೆವು, ನೇರ ಲಿಂಕ್ ಈಗ ತೆರೆಯುತ್ತಿಲ್ಲ. ಹುಡುಗ ಮೆಸೇಜಿನಲ್ಲಿ "ಫೋಟೋ ಸೇರಿ ಎಲ್ಲ ನನ್ನ ಜವಾಬ್ದಾರಿ" ಅಂತ ಬರೆದಿದ್ದು ಸಿಕ್ಕಿತು. ಹಾಗಾದರೆ ಹಣ ಅವನೇ ಕೊಡಬೇಕಲ್ವಾ? ಮತ್ತೆ, ಅವರು ಕಡಿಮೆಗೆ ಒಪ್ಪಿದರೆ ಕೊಡುವಾಗ ಏನು ನೋಡಬೇಕು? ಇನ್ನು ಮುಂದೆ ಬೇರೆಯವರ ಫೋಟೋ ಬೇಡ, ನಮ್ಮ ರೊಟ್ಟಿ ನಾವೇ ತೆಗೆಸುತ್ತೇವೆ.


ಫೋಟೋಗ್ರಾಫರ್, ಬೀದರ್

ಇದು ಕೇಳಿ ಖುಷಿಯಾಯಿತು ಅಕ್ಕಾರೆ. ದೊಡ್ಡ ಕ್ಯಾಮೆರಾ ಏನೂ ಬೇಡ. ಫ್ಲ್ಯಾಶ್ ಆಫ್ ಮಾಡಿ, ತಾಟನ್ನು ಕಿಟಕಿ ಪಕ್ಕ ಇಟ್ಟು, ಬೆಳಕು ಬದಿಯಿಂದ ಬರುವ ಹಾಗೆ ಮೊಬೈಲಿನಲ್ಲೇ ತೆಗೆಯಿರಿ. ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆ, ಎಳ್ಳು, ಒಡೆದ ಅಂಚು ಆಗ ಚೆನ್ನಾಗಿ ಕಾಣುತ್ತವೆ. ಮೂಲ ಫೈಲ್ ಅಳಿಸಬೇಡಿ, ನಾಳೆ ನಿಮ್ಮ ಫೋಟೋವನ್ನು ಬೇರೆಯವರು ಎತ್ತಿಕೊಂಡರೆ ಅದೇ ನಿಮ್ಮ ಸಾಕ್ಷಿ.


ವಕೀಲ, ಕಲಬುರಗಿ

ಸೈಟ್ ನಿಮ್ಮದಾದ್ದರಿಂದ ಏಜೆನ್ಸಿ ನಿಮ್ಮನ್ನೇ ಕೇಳುತ್ತದೆ. ನೀವು ಕೊಟ್ಟದ್ದನ್ನು ಹುಡುಗನಿಂದ ವಸೂಲಿ ಮಾಡುವುದು ನಿಮ್ಮಿಬ್ಬರ ನಡುವಿನ ಬೇರೆ ವಿಷಯ, ಆ ಮೆಸೇಜ್ ಅದಕ್ಕೆ ಒಳ್ಳೆಯ ಆಧಾರ. ಅವನಿಗೆ ಈಗಲೇ ವಾಟ್ಸಾಪ್‌ನಲ್ಲಿ ವಿಷಯ ಬರೆದು ತಿಳಿಸಿ, ಬಾಯಿ ಮಾತು ಬೇಡ.

ಕಾಗದಪತ್ರ ಸರಿ ಇದ್ದರೆ ಸ್ಟಾಕ್ ಸೈಟಿನ ಬೆಲೆ ತೋರಿಸಿ, ಅದಕ್ಕಿಂತ ಸ್ವಲ್ಪ ಜಾಸ್ತಿಗೆ ಮಾತು ಶುರು ಮಾಡಿ. ಮೊದಲ ಸಲ ಒಪ್ಪದಿರಬಹುದು, ಎರಡು ಮೂರು ಸಲ ಹಗ್ಗಜಗ್ಗಾಟ ಆಗುತ್ತದೆ. ಹಣ ಕಟ್ಟುವ ಮೊದಲು ಒಪ್ಪಂದ ಕೈಗೆ ಬರಬೇಕು. ಅದರಲ್ಲಿ ಈ ಫೋಟೋದ ಗುರುತು ಇರಲಿ. ಇಲ್ಲಿಯವರೆಗಿನ ಬಳಕೆಯ ಎಲ್ಲ ತಕರಾರು ಇದರಿಂದ ತೀರಿತು, ಫೋಟೋ ತೆಗೆದವರೂ ಏಜೆನ್ಸಿಯೂ ಮತ್ತೆ ಕೇಳುವಂತಿಲ್ಲ ಅಂತ ಇರಲಿ. ಹಣ ಕಂಪನಿ ಖಾತೆಗೇ ಹೋಗಲಿ, ಇನ್‌ವಾಯ್ಸ್ ತಗೊಳ್ಳಿ. ನಡುವೆ ಅವರು ಫೋನ್ ಮಾಡಿದರೆ ಮೊತ್ತದ ಬಗ್ಗೆ ಒಂದು ಮಾತೂ ಆಡಬೇಡಿ, ಇ-ಮೇಲ್ ಮಾಡಿ ಅಂತ ಹೇಳಿ ಇಟ್ಟುಬಿಡಿ. ಉತ್ತರದ ಕರಡು ಬರೆದ ಮೇಲೆ ಹೆಸರು, ವಿಳಾಸ ತೆಗೆದು ಇಲ್ಲಿ ಹಾಕಿ, ನೋಡಿಕೊಡುತ್ತೇನೆ.