ವಿಮಾನದ ರಡ್ಡರ್‌ನ ಹಿಂದಿನ ಅಂಚು ಬಾಗುತ್ತಿದೆ, ರಿವೆಟ್ ಹೊಡೆಯುವ ಮುಂಚೆ ಏನು ಮಾಡಲಿ?

ಪ್ರಶ್ನೆ:
ಆರ್‌ವಿ-7 ಎಂಬ, ನಾವೇ ಜೋಡಿಸುವ ಸಣ್ಣ ವಿಮಾನದ ಕಿಟ್‌ನ ಬಾಲದ ಭಾಗ ಕಟ್ಟುತ್ತಿದ್ದೇನೆ. ವರ್ಟಿಕಲ್ ಸ್ಟೆಬಿಲೈಸರ್ (ಬಾಲದಲ್ಲಿ ನೆಟ್ಟಗೆ ನಿಲ್ಲುವ ಸ್ಥಿರ ಫಲಕ) ಮುಗಿಯಿತು, ಈಗ ಅದರ ಹಿಂದೆ ಎಡಬಲಕ್ಕೆ ತಿರುಗುವ ರಡ್ಡರ್. ಎರಡು ಸ್ಕಿನ್‌ಗಳ (ಹೊರಗಿನ ಶೀಟ್‌ಗಳ) ನಡುವೆ ವೆಡ್ಜ್ (ಬೆಣೆಯಾಕಾರದ ಉದ್ದ ಪಟ್ಟಿ) ಇಟ್ಟು ಕ್ಲೀಕೋ (ರಿವೆಟ್‌ಗೆ ಮುಂಚೆ ರಂಧ್ರದಲ್ಲಿ ಹಾಕುವ ತಾತ್ಕಾಲಿಕ ಪಿನ್) ಹಾಕಿದರೆ ಹಿಂದಿನ ಅಂಚು ಎಡಕ್ಕೆ ಬಿಲ್ಲಿನ ಹಾಗೆ ಬಾಗುತ್ತದೆ. ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟರೆ ನಡುವೆ ಸುಮಾರು 4 ಮಿ.ಮೀ. ಸಂದಿ. ಕ್ಲೀಕೋ ತೆಗೆದರೆ ನೆಟ್ಟಗಾಗುತ್ತದೆ. ರಿವೆಟ್ ಹೊಡೆದಾಗ ತಾನಾಗಿ ಸರಿಹೋಗುತ್ತಾ? ಇಲ್ಲ ಆಮೇಲೆ ಫಿಲ್ಲರ್ ಹಚ್ಚಬಹುದಾ?

ಉತ್ತರ:
ಈಗಲೇ ರಿವೆಟ್ ಹೊಡೆಯಬೇಡಿ ಸರ್. ರಿವೆಟ್ ಬಾಗನ್ನು ತೆಗೆಯುವುದಿಲ್ಲ, ಖಾಯಂ ಮಾಡುತ್ತದೆ. ಮ್ಯಾನ್ಯುಯಲ್ ಬಿಡುವುದು 0.1 ಇಂಚು, ಅಂದರೆ 2.5 ಮಿ.ಮೀ. ಅದಕ್ಕಿಂತ ಬಾಗಿದರೆ ವಿಮಾನ ಯಾವಾಗಲೂ ಒಂದು ಕಡೆ ಎಳೆಯಬಹುದು.

ಫಿಲ್ಲರ್ ಅಂತೂ ಬೇಡವೇ ಬೇಡ. ಹಿಂಜ್‌ನಿಂದ ಅಷ್ಟು ಹಿಂದೆ ಸೇರುವ ಸ್ವಲ್ಪ ತೂಕವೂ ಬ್ಯಾಲೆನ್ಸ್ ಕೆಡಿಸುತ್ತದೆ. ರಡ್ಡರ್‌ನ ಮೇಲ್ತುದಿಯಲ್ಲಿ, ಹಿಂಜ್‌ಗಿಂತ ಮುಂದೆ ಸೀಸದ ತೂಕ ಕೂರಿಸುವುದು ಆ ಬ್ಯಾಲೆನ್ಸ್‌ಗಾಗಿಯೇ ಅಲ್ವಾ? ಅದು ತಪ್ಪಿದರೆ ಜಾಸ್ತಿ ವೇಗದಲ್ಲಿ ಫ್ಲಟರ್, ಅಂದರೆ ತಾನಾಗಿ ಹೆಚ್ಚುತ್ತಾ ಹೋಗುವ ಜೋರು ಕಂಪನ, ಬರಬಹುದು. ಫ್ಲಟರ್ ಶುರುವಾದರೆ ರಡ್ಡರ್ ಕಿತ್ತುಹೋಗಲು ಕೆಲವು ಸೆಕೆಂಡ್ ಸಾಕು.

ಕ್ಲೀಕೋ ಎಲ್ಲ ಒಂದೇ ಕಡೆಯಿಂದ ಹಾಕಿದ್ದೀರಾ?

ಮರುಪ್ರಶ್ನೆ:
ಹೌದು, ಎಲ್ಲ ಎಡಗಡೆಯಿಂದ. ಅದರಿಂದ ಇಷ್ಟು ಬಾಗುತ್ತಾ?

ಉತ್ತರ:
ಬಾಗಬಹುದು, ಈ ಅಂಚು ಅಷ್ಟು ತೆಳು. ಒಂದು ಎಡದಿಂದ, ಮುಂದಿನದು ಬಲದಿಂದ, ಹೀಗೆ ಹಾಕಿ ನೋಡಿ. ಬಾಗು ಕಡಿಮೆಯಾದರೆ ಕಾರಣ ಅದೇ.

ಆಗಲೂ ಉಳಿದರೆ ವೆಡ್ಜ್‌ನ ಕೌಂಟರ್‌ಸಿಂಕ್ (ರಂಧ್ರದ ಬಾಯಲ್ಲಿ ಕೊರೆದ ಇಳಿಜಾರು ಕುಳಿ) ನೋಡಿ. ಅದರಲ್ಲಿ ಕೂರಬೇಕಾದದ್ದು ಬರೀ ರಿವೆಟ್ ತಲೆಯಲ್ಲ, ಸ್ಕಿನ್‌ನ ಡಿಂಪಲ್ (ರಂಧ್ರದ ಸುತ್ತ ಶೀಟನ್ನು ಒತ್ತಿ ಮಾಡಿದ ತಗ್ಗು). ಆಳ ಸಾಲದಿದ್ದರೆ ಸ್ಕಿನ್ ಎದ್ದು ನಿಲ್ಲುತ್ತದೆ. ಒಂದು ಕಡೆ ಆಳ, ಇನ್ನೊಂದು ಕಡೆ ಕಡಿಮೆ ಇದ್ದರೂ ಅಂಚು ವಾಲುತ್ತದೆ. ಡಿಂಪಲ್ ಮಾಡಿದ ಚೂರು ಶೀಟನ್ನು ಎರಡೂ ಕಡೆ ಇಟ್ಟು ನೋಡಿ. ಅಲ್ಲಾಡದೆ, ಸಂದಿ ಬಿಡದೆ ಕೂರಬೇಕು.

ಇದಾದ ಮೇಲೆ ನೆಟ್ಟಗಿರುವ ಅಲ್ಯೂಮಿನಿಯಂ ಆಂಗಲ್‌ನಲ್ಲಿ ಅದೇ ಅಂತರಕ್ಕೆ ರಂಧ್ರ ಕೊರೆಯಿರಿ. ವೆಡ್ಜ್‌ಗೆ ಫ್ಯೂಯಲ್ ಟ್ಯಾಂಕ್ ಸೀಲೆಂಟ್ ತೆಳುವಾಗಿ ಹಚ್ಚಿ, ಅಂಚನ್ನು ಆಂಗಲ್‌ಗೆ ಕ್ಲೀಕೋದಿಂದ ಬಿಗಿದು ಪೂರ್ತಿ ಗಟ್ಟಿಯಾಗಲು ಬಿಡಿ. ಇಲ್ಲಿ ಅವಸರ ಮಾಡಬೇಡಿ. ನಾನು ಯಾರಿಗೇ ಆದರೂ ಮೊದಲು ಹೇಳುವುದು ಇದನ್ನೇ. ಅಂಟಿಕೊಂಡ ಅಂಚು ಸುಮ್ನೆ ಬಾಗುವುದಿಲ್ಲ.

ಮರುಪ್ರಶ್ನೆ:
ರಿವೆಟ್ ಒಂದು ತುದಿಯಿಂದ ಸಾಲಾಗಿ ಹೊಡೆಯಬಹುದಾ?

ಉತ್ತರ:
ಬೇಡ. ನಡುವಿನದು ಮೊದಲು, ಆಮೇಲೆ ದೂರ ದೂರಕ್ಕೆ ಒಂದೊಂದು, ಕೊನೆಗೆ ಉಳಿದವು. ಬ್ಯಾಕ್ ರಿವೆಟ್ ಪ್ಲೇಟ್ (ರಿವೆಟ್ ತಲೆಗೆ ಆಧಾರವಾಗುವ ಚಪ್ಪಟೆ ಉಕ್ಕಿನ ಹಲಗೆ) ಮೇಲಿಟ್ಟು ಎಲ್ಲವನ್ನೂ ಮೊದಲು ಅರ್ಧ ಮಾತ್ರ ಕೂರಿಸಿ. ಆಗಾಗ ಸ್ಟ್ರೇಟ್ ಎಡ್ಜ್ ಇಟ್ಟು ನೋಡಿ, ನೆಟ್ಟಗಿದ್ದರೆ ಮಾತ್ರ ಪೂರ್ತಿ ಮಾಡಿ. ಶಾಪ್ ಹೆಡ್ (ಹೊಡೆದಾಗ ರಿವೆಟ್‌ನ ಇನ್ನೊಂದು ತುದಿಯಲ್ಲಿ ಆಗುವ ತಲೆ) ಸ್ಕಿನ್‌ಗೆ ಪೂರ್ತಿ ಸಮವಾಗಿ ಕೂರದಿದ್ದರೂ ಪರವಾಗಿಲ್ಲ, ಅದಕ್ಕೆಂದು ಮತ್ತೆ ಮತ್ತೆ ಹೊಡೆಯಬೇಡಿ.